ಆನೆ ಆಟ: ಕೊಡಗಿನ ಸಿದ್ದಾಪುರ ಕಡೆಯ ಒಂದು ಪ್ರಕರಣ

ಮಕ್ಕಳ ಮನಸ್ಸಿನ ತೊಂದರೆಗೆ ಆಟದ ಮೂಲಕ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಈ ಹುಡುಗನನ್ನು ನನ್ನ ಹತ್ತಿರ ಕಳಿಸಿದ್ದು ಅವನ ಕ್ಲಾಸ್ ಟೀಚರ್. ವಯಸ್ಸು 7, ಎರಡನೇ ತರಗತಿ. ಟೀಚರ್ ಹೇಳಿದ ತೊಂದರೆ ಇಷ್ಟು: ಬಿಡುವು ಸಿಕ್ಕಿದರೆ ಸಾಕು, ಒಂದೇ ಆಟ. ಕಪ್ಪು ಕಲ್ಲೊಂದನ್ನು ಆನೆ ಅಂತ ಹಿಡಿದುಕೊಳ್ಳುತ್ತಾನೆ. ಕಡ್ಡಿಯ ತುಂಡನ್ನು ಮನುಷ್ಯ ಅಂತ ಮಣ್ಣಲ್ಲಿ ನಿಲ್ಲಿಸುತ್ತಾನೆ. ಕಲ್ಲಿನಿಂದ ಕಡ್ಡಿಯನ್ನು ಜಜ್ಜುತ್ತಾನೆ. ಆಮೇಲೆ ಇನ್ನೊಂದು ಕಡ್ಡಿ ಹುಡುಕುತ್ತಾನೆ. ಬೇರೆ ಮಕ್ಕಳು ಹೆದರಿ ದೂರ ಸರಿಯುತ್ತಿದ್ದರು. ಮನೆಯಲ್ಲೂ ಇದೇ ಕತೆ. ಅಜ್ಜಿ ಎರಡೇಟು ಕೊಟ್ಟು ಕಲ್ಲು ಕಿತ್ತು ಎಸೆದರೆ ಮರುದಿನ ಇನ್ನೊಂದು ಕಲ್ಲು ಕೈಯಲ್ಲಿರುತ್ತಿತ್ತು.

ಅಪ್ಪ ಕಾಡಾನೆ ದಾಳಿಯಲ್ಲಿ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು.

ಈ ಆಟ ಹೇಗಾದರೂ ನಿಲ್ಲಿಸಿ ಅಂತಲೇ ಎಲ್ಲರೂ ನನ್ನನ್ನು ಕೇಳಿದ್ದು. ನಾನು ನಿಲ್ಲಿಸಲಿಲ್ಲ. ಯಾಕೆ ನಿಲ್ಲಿಸಲಿಲ್ಲ, ಆ ಆಟ ಎಲ್ಲಿಂದ ಎಲ್ಲಿಗೆ ಹೋಯಿತು, ಅದಕ್ಕೆ ಮನೆಯವರು ಏನು ಮಾಡಬೇಕಾಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಕೊಡಗಿನ ಟೀಚರ್‌ಗಳು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಇಂಥ ಮಕ್ಕಳನ್ನು ನನಗಿಂತ ಮೊದಲೇ ನೋಡುತ್ತಾರೆ. ಅವರನ್ನು ಮನಸ್ಸಲ್ಲಿಟ್ಟುಕೊಂಡೇ ಬರೆದಿದ್ದು. ಅಮ್ಮನ ಒಪ್ಪಿಗೆ ಪಡೆದಿದ್ದೇನೆ. ಹೆಸರು, ತೋಟ, ಶಾಲೆ ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಮನೆ, ತೋಟ, ಆ ದಿನ

ಸಿದ್ದಾಪುರ, ಮಾಲ್ದಾರೆ, ಚೆನ್ನಯ್ಯನಕೋಟೆ, ತಿತಿಮತಿ ಭಾಗದಲ್ಲಿ ಕಾಡು ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಅಂತ ಹೇಳುವುದು ಕಷ್ಟ. ಕಾಫಿ ಗಿಡದ ಮೇಲೆ ನೆರಳಿನ ಮರ, ಮಧ್ಯೆ ಮಧ್ಯೆ ಹಲಸು, ಅಲ್ಲಲ್ಲಿ ಕೆರೆ. ಆನೆಗೆ ಬೇಕಾದ್ದೆಲ್ಲ ತೋಟದಲ್ಲೇ ಇದೆ. ಹಾಗಾಗಿ ಹಗಲಲ್ಲೂ ಅವು ತೋಟದಲ್ಲೇ ಉಳಿಯುತ್ತವೆ. ಸೋಲಾರ್ ಬೇಲಿ, ಕಂದಕ, ರೈಲು ಕಂಬಿಯ ತಡೆ ಎಲ್ಲ ಇವೆ, ಆದರೂ ಬರುತ್ತವೆ. ಹಲಸು ಹಣ್ಣಾಗುವ ಮೇ, ಜೂನ್ ಹೊತ್ತಿಗೆ ಒಂದು ಸಲ ಓಡಾಟ ಜಾಸ್ತಿ. ರೋಬಸ್ಟಾ ಕಾಫಿ ಹಣ್ಣಾದಾಗ ಮತ್ತೆ ಜಾಸ್ತಿ. ಬೆಳಗಿನ ಮಂಜಲ್ಲಿ ಕೆಲಸಕ್ಕೋ ಅಂಗಡಿಗೋ ನಡೆದು ಹೋಗುವವರು ಹೆಚ್ಚಾಗಿ ಲೈನ್ ಮನೆಯವರು, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿರುವವರು. ಅಪಾಯದ ದೊಡ್ಡ ಪಾಲು ಅವರದೇ.

ಈ ಕುಟುಂಬ ಪಿರಿಯಾಪಟ್ಟಣ ಕಡೆಯದು. ಹುಡುಗ ಹುಟ್ಟುವ ಮೊದಲೇ ಬಂದು ತೋಟದ ಲೈನ್ ಮನೆಯಲ್ಲಿ ನೆಲೆಸಿದವರು. ಅಪ್ಪ, ಅಮ್ಮ ಇಬ್ಬರೂ ಅದೇ ತೋಟದಲ್ಲಿ ಕೆಲಸಕ್ಕಿದ್ದರು. ಜೊತೆಗೆ ಅಪ್ಪನ ತಾಯಿ, 3 ವರ್ಷದ ತಂಗಿ.

ಜೂನ್ ತಿಂಗಳ ಒಂದು ಬೆಳಿಗ್ಗೆ ಅಪ್ಪ ಹಾಲು ತರಲು ಜಂಕ್ಷನ್ನಿನ ಅಂಗಡಿಗೆ ಹೊರಟರು. ದಿನಾ ಹೋಗುವ ದಾರಿ. ಸ್ವಲ್ಪ ಹೊತ್ತಿಗೆ ಆನೆ ಘೀಳಿಟ್ಟ ಸದ್ದು ಲೈನ್ ಮನೆವರೆಗೂ ಕೇಳಿತು. ಆಮೇಲೆ ಕೂಗಾಟ, ಪಟಾಕಿ, ಜೀಪು. ಹುಡುಗ ಕಣ್ಣಾರೆ ಏನೂ ನೋಡಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡ. ಅವನನ್ನೂ ತಂಗಿಯನ್ನೂ ಪಕ್ಕದ ಮನೆಗೆ ಕಳಿಸಿ ಬಾಗಿಲು ಹಾಕಿದರು. ಪೋಸ್ಟ್‌ಮಾರ್ಟಮ್ ಆದ ಮೇಲೆ ಶವವನ್ನು ನೇರವಾಗಿ ಊರಿಗೆ ಸಾಗಿಸಿದರು. ಮಕ್ಕಳನ್ನು ಕರೆದುಕೊಂಡು ಹೋಗಲಿಲ್ಲ. ಅಪ್ಪ ಎಲ್ಲಿ ಅಂತ ಕೇಳಿದಾಗ ಸಿಕ್ಕ ಉತ್ತರ: "ಊರಿಗೆ ಹೋಗಿದ್ದಾರೆ, ಬರ್ತಾರೆ."

ಒಂದು ವಾರ ಕೇಳಿದ. ಆಮೇಲೆ ಕೇಳುವುದನ್ನೇ ಬಿಟ್ಟ. ಮಗು ಮರೆಯಿತು ಅಂತ ಮನೆಯವರು ಸಮಾಧಾನಪಟ್ಟುಕೊಂಡರು. ಅದೇ ಹೊತ್ತಿಗೆ ಹಾಸಿಗೆ ಒದ್ದೆಯಾಗುವುದು ಶುರುವಾಯಿತು. ನಾಲ್ಕನೇ ವರ್ಷಕ್ಕೇ ಆ ಅಭ್ಯಾಸ ಬಿಟ್ಟಿದ್ದ ಹುಡುಗ. ಕತ್ತಲಾದ ಮೇಲೆ ಹೊರಗಿನ ಶೌಚಾಲಯಕ್ಕೆ ಹೋಗಲು ಒಲ್ಲೆ ಅನ್ನುತ್ತಿದ್ದ. ಮದುವೆ ಮನೆಯ ಪಟಾಕಿ ಕೇಳಿದರೆ ಮಂಚದಡಿ. ತಂಗಿ ಜೋರಾಗಿ ಅತ್ತರೆ ಅವಳ ಬಾಯಿ ಮುಚ್ಚಿ ಹಿಡಿಯುತ್ತಿದ್ದ. ಮತ್ತೆ ಆ ಕಲ್ಲು, ಆ ಕಡ್ಡಿ.

ಮೊದಲು ಏನು ನೋಡಿದ್ದು

ಹಾಸಿಗೆ ಒದ್ದೆ ಅಂದ ತಕ್ಷಣ ಮನಸ್ಸಿನದೇ ತೊಂದರೆ ಅಂತ ತೀರ್ಮಾನಿಸುವ ಹಾಗಿಲ್ಲ. ಮಕ್ಕಳ ಡಾಕ್ಟರ್ ಹತ್ತಿರ ತೋರಿಸಿ ಮೂತ್ರ ಪರೀಕ್ಷೆ ಮಾಡಿಸಿದೆವು. ಸೋಂಕು ಇರಲಿಲ್ಲ. ಎಸ್‌ಡಿಕ್ಯೂ ಅನ್ನುವ, ಮಕ್ಕಳ ಭಾವನೆ ಮತ್ತು ನಡವಳಿಕೆಯ ತೊಂದರೆ ಅಳೆಯುವ 25 ಪ್ರಶ್ನೆಗಳ ಪಟ್ಟಿಯನ್ನು ಅಮ್ಮನಿಗೂ ಟೀಚರ್‌ಗೂ ಬೇರೆ ಬೇರೆ ಓದಿ ಹೇಳಿ ತುಂಬಿಸಿಕೊಂಡೆ. ಭಾವನೆಗಳ ಭಾಗದಲ್ಲಿ ಇಬ್ಬರ ಉತ್ತರದಲ್ಲೂ ಅಂಕ ಜಾಸ್ತಿ ಬಂತು, ಅಂದರೆ ತೊಂದರೆ ಜಾಸ್ತಿ. ಗೆಳೆಯರ ಜೊತೆಗಿನ ಒಡನಾಟದ ಭಾಗದಲ್ಲೂ ಅಷ್ಟೇ. ಓದು, ಮಾತು, ತಿಳಿವಳಿಕೆ ವಯಸ್ಸಿಗೆ ತಕ್ಕ ಹಾಗೇ ಇತ್ತು.

ಅಮ್ಮ ಆಗಲೇ ತಾಯತ ಕಟ್ಟಿಸಿದ್ದರು, ಹರಕೆ ಹೊತ್ತಿದ್ದರು. ಅದನ್ನು ಬಿಚ್ಚಿಸುವ ಮಾತು ನಾನು ಆಡಲಿಲ್ಲ. ಹೊಡೆಯುವುದನ್ನು ಮಾತ್ರ ನಿಲ್ಲಿಸಬೇಕು ಅಂದೆ. ಆಟಕ್ಕೂ ಹೊಡೆಯಬಾರದು, ಹಾಸಿಗೆ ಒದ್ದೆಯಾಗಿದ್ದಕ್ಕೂ ಹೊಡೆಯಬಾರದು. ಆಘಾತ ಕಂಡ ಮಕ್ಕಳಲ್ಲಿ ಮರಳಿ ಬರುವ ಹಾಸಿಗೆ ಒದ್ದೆಯ ತೊಂದರೆಗೆ ಶಿಕ್ಷೆ ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯೂ ಹೇಳುತ್ತದೆ. ನಿದ್ದೆಗೆ ಮಾತ್ರೆ ಕೊಡಿಸಿ ಅಂತ ಸಂಬಂಧಿಕರು ಒತ್ತಾಯ ಮಾಡಿದರು. ಬೇಡ ಅಂದೆವು. ಈ ವಯಸ್ಸಿಗೆ, ಈ ತೊಂದರೆಗೆ ಅದು ಮದ್ದಲ್ಲ.

ಈಗ ಆಟದ ವಿಷಯ. ದೊಡ್ಡವರು ದುಃಖವನ್ನು ಮಾತಲ್ಲಿ ಹೇಳುತ್ತಾರೆ. ಏಳು ವರ್ಷದ ಮಗುವಿಗೆ ಅಷ್ಟು ಮಾತು ಇರುವುದಿಲ್ಲ. ಅದು ಆಡಿ ತೋರಿಸುತ್ತದೆ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಅನ್ನುವ ಊರಲ್ಲಿ ಶಾಲಾ ಬಸ್ಸೊಂದನ್ನು ಅಪಹರಿಸಿ 26 ಮಕ್ಕಳನ್ನು ನೆಲದಡಿ ಹೂತ ವಾಹನದಲ್ಲಿ ಕೂಡಿಹಾಕಿದ್ದರು. ಮಕ್ಕಳೆಲ್ಲ ಬದುಕಿ ಬಂದರು. ಮನೋವೈದ್ಯೆ ಲೆನೋರ್ ಟೆರ್ ಆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಮಕ್ಕಳು ಆ ಘಟನೆಯನ್ನೇ ಮತ್ತೆ ಮತ್ತೆ ಆಡುತ್ತಿದ್ದರು. ಆ ಆಟದಲ್ಲಿ ಖುಷಿ ಇರಲಿಲ್ಲ, ಆಡಿ ಮುಗಿಸಿದಾಗ ನೆಮ್ಮದಿಯೂ ಇರಲಿಲ್ಲ. ಇವತ್ತು ಆಘಾತದ ನಂತರದ ಆಟ ಅಂತ ನಾವು ಗುರುತಿಸುವುದು ಇದನ್ನೇ. ನಂತರ ಆಟದ ಚಿಕಿತ್ಸಕಿ ಎಲಿಯಾನಾ ಗಿಲ್ ಇದರಲ್ಲಿ ಎರಡು ಬಗೆ ಇದೆ ಅಂತ ಬೇರ್ಪಡಿಸಿ ತೋರಿಸಿದರು. ಒಂದು ಬಗೆಯಲ್ಲಿ ಆಟ ನಿಧಾನವಾಗಿ ಬದಲಾಗುತ್ತಾ ಹೋಗುತ್ತದೆ: ಹೊಸ ಪಾತ್ರ ಬರುತ್ತದೆ, ಯಾರೋ ಕಾಪಾಡುತ್ತಾರೆ, ಮಗುವಿನ ಉಸಿರು ಸಡಿಲವಾಗುತ್ತದೆ. ಅಂಥ ಆಟ ಮಗುವಿಗೆ ಒಳ್ಳೆಯದೇ ಮಾಡುತ್ತಿರುತ್ತದೆ. ಇನ್ನೊಂದು ಬಗೆಯಲ್ಲಿ ಆಟ ಕೆಸರಲ್ಲಿ ಸಿಕ್ಕಿಬಿದ್ದ ಜೀಪಿನ ಚಕ್ರದ ಹಾಗೆ ಅಲ್ಲಲ್ಲೇ ಸುತ್ತುತ್ತದೆ. ಅದನ್ನು ಹಾಗೇ ಬಿಟ್ಟರೆ ಭಯ ಇನ್ನೂ ಆಳಕ್ಕಿಳಿಯುತ್ತದೆ.

ನಮ್ಮ ಹುಡುಗನದು ಯಾವ ಬಗೆ ಅಂತ ತಿಳಿಯಬೇಕಾದರೆ ಅವನು ಆಡುವುದನ್ನು ಸುಮ್ನೆ ಕೂತು ನೋಡಬೇಕಿತ್ತು.

ಮರಳಿನ ಪೆಟ್ಟಿಗೆ

ಶಾಲೆಯಲ್ಲಿ ಬಳಸದ ಒಂದು ಕೋಣೆ ಸಿಕ್ಕಿತು. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತು, ಮುಕ್ಕಾಲು ಗಂಟೆ. ಆಟದ ಸಾಮಾನು ಯಾವತ್ತೂ ಅದೇ, ಇಟ್ಟ ಜಾಗವೂ ಅದೇ. ಮನೆಯಲ್ಲಿ ಎಲ್ಲ ಅಲ್ಲಾಡಿ ಹೋದ ಮಗುವಿಗೆ ಬದಲಾಗದ ಒಂದು ಜಾಗ ಬೇಕು.

ಮರಳಿನ ಪೆಟ್ಟಿಗೆಯನ್ನು ಆಚಾರಿ ಹತ್ತಿರ ಮಾಡಿಸಿದ್ದು. ಸುಮಾರು 72 ಸೆಂಟಿಮೀಟರ್ ಉದ್ದ, 50 ಅಗಲ, 7 ಆಳ. ಒಳಗೆಲ್ಲ ನೀಲಿ ಬಣ್ಣ. ಮರಳು ಸರಿಸಿದರೆ ತಳ ನೀರಿನ ಹಾಗೆ ಕಾಣುತ್ತದೆ. ಲಂಡನ್ನಿನ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ 1920ರ ದಶಕದ ಕೊನೆಯಲ್ಲಿ ಶುರುಮಾಡಿದ ಪದ್ಧತಿ ಇದು. ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ ಇದನ್ನು ಮುಂದೆ ಬೆಳೆಸಿದರು. ಪೇಟೆಯಲ್ಲಿ ಸಿಗುವ ಕಿಟ್‌ಗಳಲ್ಲಿ ಓವನ್ ಇರುವ ಅಡುಗೆಮನೆ, ಎರಡಂತಸ್ತಿನ ಬೊಂಬೆಮನೆ ಇರುತ್ತವೆ. ಲೈನ್ ಮನೆಯ ಮಗುವಿಗೆ ಅವು ಯಾರದೋ ಮನೆ. ಹಾಗಾಗಿ ನಮ್ಮ ಬುಟ್ಟಿಯಲ್ಲಿ ಸಾಲುಮನೆ, ಜೀಪು, ಟ್ರ್ಯಾಕ್ಟರ್, ಪುಟ್ಟ ಗೋಣಿಚೀಲ, ಮೂರು ಕಲ್ಲಿನ ಒಲೆ, ಸೀಟಿ, ಟಾರ್ಚ್, ಆಟದ ಫೋನು, ನಾಯಿ, ದನ, ದೊಡ್ಡ ಆನೆ, ಮರಿ ಆನೆ ಎಲ್ಲ ಇದ್ದವು. ಮನುಷ್ಯರ ಬೊಂಬೆಗಳ ಮೈಬಣ್ಣ ನಮ್ಮದೇ.

ಕೊಡಗಿನ ಮಳೆಗಾಲದಲ್ಲಿ ಮರಳು ಒಣಗುವ ಮಾತೇ ಇಲ್ಲ. ಅದೂ ಒಳ್ಳೆಯದೇ ಆಯಿತು. ಒದ್ದೆ ಮರಳಲ್ಲಿ ಗುಡ್ಡ ನಿಲ್ಲುತ್ತದೆ, ಸುರಂಗ ಕುಸಿಯುವುದಿಲ್ಲ. ಶೀಟಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಅವನ ಸಣ್ಣ ದನಿ ಕೇಳಿಸುತ್ತಿರಲಿಲ್ಲ. ಪಕ್ಕದಲ್ಲೇ ನೆಲದ ಮೇಲೆ ಕೂರುತ್ತಿದ್ದೆ.

ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲೇ ಆಟದ ಚಿಕಿತ್ಸೆಗೆ ಎಂಟು ಸೂತ್ರ ಹಾಕಿಕೊಟ್ಟರು. ಅದರಲ್ಲಿ ಮುಖ್ಯವಾದದ್ದು ಮಗು ಮುಂದೆ ಹೋಗಬೇಕು, ದೊಡ್ಡವರು ಹಿಂದೆ ಬರಬೇಕು ಅನ್ನುವುದು. ಅವಸರ ಮಾಡಬಾರದು. ಹೇಳಲು ಸುಲಭ, ಮಾಡಲು ಬಹಳ ತಾಳ್ಮೆ ಬೇಕು.

ಮೊದಲ ದಿನವೇ ಅವನು ದೊಡ್ಡ ಆನೆಯನ್ನು ಕೈಗೆತ್ತಿಕೊಂಡ. ಮರಳಲ್ಲಿ ಕಾಣದ ಹಾಗೆ ಹೂತ. ಒಂದು ಗಂಡಸಿನ ಬೊಂಬೆಯನ್ನು ತಂದು ನಿಲ್ಲಿಸಿದ. ಮರಳು ಸೀಳಿಕೊಂಡು ಆನೆ ಎದ್ದು ಬಂತು. ಬೊಂಬೆ ಮಕಾಡೆ ಬಿತ್ತು. ಅದರ ಮೇಲೆ ಮರಳು ಎಳೆದ. ಆಮೇಲೆ ಅಂಗೈಯಿಂದ ಇಡೀ ಪೆಟ್ಟಿಗೆಯನ್ನು ಸಮ ಮಾಡಿದ, ಮೂಲೆ ಮೂಲೆಯನ್ನೂ ಬಿಡದೆ. ಮತ್ತೆ ಮೊದಲಿಂದ. ಬಾಯಲ್ಲಿ ಒಂದು ಮಾತಿಲ್ಲ. ದವಡೆ ಬಿಗಿದಿತ್ತು. ಆನೆ ಮೇಲೆದ್ದು ಬರುವ ಹೊತ್ತಿಗೆ ಉಸಿರು ಹಿಡಿಯುತ್ತಿದ್ದ. ಬೊಂಬೆ ಬಿದ್ದ ಮೇಲೂ ಆ ಉಸಿರು ಹೊರಗೆ ಬರುತ್ತಿರಲಿಲ್ಲ.

ನಾನು ಕಂಡದ್ದನ್ನಷ್ಟೇ ಹೇಳುತ್ತಿದ್ದೆ. "ಆನೆ ಬಂತು." "ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ." "ಈಗ ಏನೂ ಕಾಣ್ತಿಲ್ಲ." "ಆ ಬೊಂಬೆ ಅಪ್ಪನಾ?" ಅಂತ ನಾನು ಕೇಳಲಿಲ್ಲ. ಹಾಗೆ ಕೇಳಿದರೆ ಮಗು ಆಟದಿಂದ ಹೊರಗೆ ಬಂದುಬಿಡುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ.

ಗಣೇಶನ ಹಬ್ಬ ಕಳೆದು ಮಳೆ ಇಳಿಯುತ್ತಾ ಬಂದರೂ ಆಟ ಒಂದು ಚೂರೂ ಬದಲಾಗಲಿಲ್ಲ. ಹೊಸ ಪಾತ್ರ ಇಲ್ಲ, ಮಾತಿಲ್ಲ. ಇದು ಸಿಕ್ಕಿಬಿದ್ದ ಆಟ ಅನ್ನುವುದು ಖಚಿತವಾಯಿತು. ಯಾವುದಕ್ಕೆ ಸಿಕ್ಕಿಬಿದ್ದಿದೆ ಅನ್ನುವುದೂ ನಿಧಾನವಾಗಿ ಹೊಳೆಯಿತು. ಆ ಕೊನೆಯ ಒರೆಸುವಿಕೆ ನೋಡಿ. ಮನೆಯಲ್ಲಿ ದೊಡ್ಡವರು ಮಾಡಿದ್ದೂ ಅದನ್ನೇ ಅಲ್ವಾ? ಒಬ್ಬ ಮನುಷ್ಯ ಬಿದ್ದ, ಅವನ ಮೇಲೆ ಮರಳೆಳೆದು ಏನೂ ಆಗಿಲ್ಲ ಅನ್ನುವ ಹಾಗೆ ಸಮ ಮಾಡಿದರು. ಹುಡುಗನಿಗೆ ವಿಷಯ ಗೊತ್ತಿತ್ತು. ಗೊತ್ತಿದೆ ಅಂತ ಹೇಳುವ ಅನುಮತಿ ಮಾತ್ರ ಇರಲಿಲ್ಲ.

ಹಾಗಾಗಿ ಮುಂದಿನ ಕೆಲಸ ಕೋಣೆಯಲ್ಲಿ ಇರಲಿಲ್ಲ, ಲೈನ್ ಮನೆಯಲ್ಲಿತ್ತು.

ಸತ್ಯ ಹೇಳುವುದು

ಅಜ್ಜಿ ಒಪ್ಪಲಿಲ್ಲ. "ಅಷ್ಟು ಸಣ್ಣ ಮಗು ತಡ್ಕೊಳ್ಳಲ್ಲ" ಅಂದರು. ಅಮ್ಮ ಬೇರೆಯೇ ಹೇಳಿದರು: "ಹೇಳೋಕೆ ಹೋದ್ರೆ ನಾನೇ ಅತ್ತುಬಿಡ್ತೀನಿ ಮಿಸ್. ಅವ್ನ ಮುಂದೆ ಅಳಬಾರ್ದು ಅಂತ ಇಷ್ಟು ದಿನ ಹಿಡ್ಕೊಂಡಿದ್ದೀನಿ."

ಇಬ್ಬರ ಮಾತಲ್ಲೂ ಪ್ರೀತಿಯೇ ಇತ್ತು. ಅದಕ್ಕೇ ನಾನು ವಾದ ಮಾಡಲು ಹೋಗಲಿಲ್ಲ. ಸಾವು ಅಂದರೇನು ಅಂತ ಮಕ್ಕಳಿಗೆ ಯಾವಾಗ ಅರ್ಥವಾಗುತ್ತದೆ ಅನ್ನುವುದನ್ನು ಮಾತ್ರ ವಿವರಿಸಿದೆ. ಸತ್ತವರು ವಾಪಸ್ ಬರುವುದಿಲ್ಲ, ಸತ್ತ ದೇಹಕ್ಕೆ ನೋವು, ಹಸಿವು ಇರುವುದಿಲ್ಲ, ಎಲ್ಲರೂ ಒಂದು ದಿನ ಸಾಯುತ್ತಾರೆ. ಈ ಮೂರು ಸಂಗತಿ ಸಾಮಾನ್ಯವಾಗಿ 5ರಿಂದ 7 ವರ್ಷದೊಳಗೆ ಮಕ್ಕಳಿಗೆ ತಿಳಿಯುತ್ತಾ ಹೋಗುತ್ತದೆ. ನಮ್ಮ ಹುಡುಗ ಅದೇ ವಯಸ್ಸಿನವನು. ತೋಟದಲ್ಲಿ ಸತ್ತ ಹಕ್ಕಿ, ದನ ನೋಡಿದವನು. ಊರಿಗೆ ಹೋದ ಅಪ್ಪ ಫೋನೂ ಮಾಡದಿದ್ದರೆ ಅವನು ಏನಂದುಕೊಳ್ಳಬೇಕು? ಒಂದೋ ಅಪ್ಪ ನನ್ನನ್ನು ಬಿಟ್ಟು ಹೋದರು, ಇಲ್ಲಾ ಅಮ್ಮ ಸುಳ್ಳು ಹೇಳುತ್ತಿದ್ದಾಳೆ. ಎರಡೂ ಒಂಟಿತನವೇ.

ಈ ಮಾತಿಗೆ ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಏನಂತ ಹೇಳ್ಲಿ?" ಅಂತ ಕೇಳಿದರು.

ಮಾತುಗಳನ್ನು ಕೂತು ಸಿದ್ಧಪಡಿಸಿಕೊಂಡೆವು. "ದೇವರು ಕರ್ಕೊಂಡ" ಅನ್ನಬಾರದು ಅಂದೆ. ಮಗು ದೇವರಿಗೇ ಹೆದರಿಕೊಳ್ಳುತ್ತದೆ. "ಮಲಗಿದ್ದಾರೆ" ಅಂದರೆ ರಾತ್ರಿ ಮಲಗಲು ಹೆದರುತ್ತದೆ. ನೇರವಾಗಿ, ಚಿಕ್ಕದಾಗಿ, ಸತ್ತರು ಅನ್ನುವ ಪದವನ್ನೇ ಬಳಸಿ. ಅಳು ಬಂದರೆ ಅಳಿ. ಅಮ್ಮನಿಗೂ ದುಃಖ ಇದೆ ಅಂತ ಅವನಿಗೆ ಗೊತ್ತಾಗಲಿ.

ಒಂದು ಸಂಜೆ ಒಲೆ ಮುಂದೆ ಕೂರಿಸಿಕೊಂಡು ಹೇಳಿದರಂತೆ: "ಅಪ್ಪ ಊರಿಗೆ ಹೋಗಿಲ್ಲ ಮಗಾ. ಆವತ್ತು ಬೆಳಿಗ್ಗೆ ದಾರೀಲಿ ಆನೆ ತುಳಿದು ಸತ್ತುಹೋದ್ರು. ಇನ್ನು ಬರಲ್ಲ. ನಿಂಗೆ ಸುಳ್ಳು ಹೇಳಿದ್ವಿ, ನಿಂಗೆ ನೋವಾಗ್ತದೆ ಅಂತ."

ಹುಡುಗ ಹೇಳಿದ್ದು: "ನಂಗೊತ್ತು." ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ದು: "ಅಪ್ಪಂಗೆ ನೋವಾಯ್ತಾ?"

ಅಮ್ಮ ಅತ್ತರು, ಅವನೂ ಅತ್ತ, ಅಜ್ಜಿಯೂ ಅತ್ತರು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ಅತ್ತಿದ್ದು ಅದೇ ಮೊದಲು. ರಾತ್ರಿ ಅಮ್ಮನ ಮಗ್ಗುಲಲ್ಲೇ ಮಲಗಿದ. ಆಮೇಲೆ ಪ್ರಶ್ನೆಗಳು ದಿನಾ ಬಂದವು. ಎಲ್ಲಿ ಮಣ್ಣು ಮಾಡಿದ್ರು, ಅಪ್ಪನ ಚಪ್ಪಲಿ ಎಲ್ಲಿ, ಆನೆ ಈಗ ಎಲ್ಲಿದೆ. ರಜೆಯಲ್ಲಿ ಊರಿಗೆ ಕರೆದುಕೊಂಡು ಹೋಗಿ ಅಪ್ಪನ ಸಮಾಧಿ ತೋರಿಸಿದರು. ಹೂ ಇಟ್ಟು ಬಂದ.

ಫೋನು, ಬನ್ನು, ಗಣಪತಿ

ಮುಂದಿನ ವಾರ ಅವನು ಆನೆಯನ್ನು ಮುಟ್ಟಲಿಲ್ಲ. ಆಟದ ಫೋನನ್ನು ಎತ್ತಿ ಕಿವಿಗಿಟ್ಟುಕೊಂಡ. ನನಗೆ ಬೆನ್ನು ಹಾಕಿ ಕೂತ. ಬಹಳ ಸಣ್ಣ ದನಿಯಲ್ಲಿ ಹೇಳಿದ್ದು ಕೇಳಿಸಿತು: "ಅಪ್ಪ, ಬನ್ ಬೇಡ. ಬನ್ ಬೇಡ, ಬಾ."

ಅಪ್ಪ ಸಾಯುವ ಹಿಂದಿನ ರಾತ್ರಿ ಅವರ ಹತ್ತಿರ ಬನ್ನು ಕೇಳಿದ್ದನಂತೆ. ನಾಳೆ ತರ್ತೀನಿ ಅಂದಿದ್ದರಂತೆ. ತಾನು ಬನ್ನು ಕೇಳಿದ್ದಕ್ಕೇ ಅಪ್ಪ ಅಂಗಡಿಗೆ ಹೋದರು, ಅದಕ್ಕೇ ಸತ್ತರು. ಇಷ್ಟು ತಿಂಗಳಿಂದ ಆ ಮಗು ಇದನ್ನು ಹೊತ್ತುಕೊಂಡು ತಿರುಗಿತ್ತು. ಈ ವಯಸ್ಸಿನ ಮಕ್ಕಳು ಮನೆಯಲ್ಲಿ ಏನೇ ಕೆಟ್ಟದ್ದಾದರೂ ಕಾರಣ ತಾವೇ ಅಂದುಕೊಳ್ಳುತ್ತಾರೆ. ಬಾಯಿಬಿಟ್ಟು ಹೇಳುವುದು ಬಹಳ ಅಪರೂಪ. ಸಾವಿನ ಮನೆಯಲ್ಲಿ ಮಗು ಇದ್ದರೆ ಯಾರೂ ಕೇಳದಿದ್ದರೂ ಒಂದು ಮಾತು ಹೇಳಿಬಿಡಿ: ಇದಕ್ಕೆ ನೀನು ಕಾರಣ ಅಲ್ಲ.

"ಬನ್ ಕೇಳದಿದ್ರೆ ಅಪ್ಪ ಇರ್ತಿದ್ರು ಅಂತ ಅನ್ಸಿದೆ" ಅಂದೆ. ತಲೆಯಾಡಿಸಿದ. ಉಳಿದ ಮಾತನ್ನು ಅವನಿಗೆ ಹೇಳಬೇಕಾದವರು ಅಮ್ಮ. ಅವನನ್ನು ಕೇಳಿಯೇ ಅಮ್ಮನನ್ನು ಒಳಗೆ ಕರೆದೆ. ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. "ನೀನು ಹುಟ್ಟೋಕೆ ಮುಂಚಿಂದ್ಲೂ ಅಪ್ಪ ದಿನಾ ಹಾಲು ತರೋಕೆ ಅದೇ ದಾರೀಲಿ ಹೋಗ್ತಿದ್ರು. ನೀನು ಏನೂ ಕೇಳದಿದ್ರೂ ಹೋಗ್ತಿದ್ರು. ಬನ್ ತರೋದು ಅಂದ್ರೆ ಅವ್ರಿಗೆ ಖುಷಿ." ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವನು ಉದ್ದಕ್ಕೆ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಅಲ್ಲಿಂದ ಮುಂದೆ ಆಟ ಚಲಿಸತೊಡಗಿತು. ಆದರೆ ಮೊದಲು ಬಂದದ್ದು ಸಿಟ್ಟು. ಆನೆಯನ್ನು ಹಗ್ಗದಲ್ಲಿ ಕಟ್ಟಿದ. ಹೊಡೆದ. ಜೀಪು ಹತ್ತಿಸಿದ. ತಲೆಕೆಳಗಾಗಿ ಹೂತ. ಮನೆಯಲ್ಲಿ ಇದನ್ನು ನೋಡಿದ ಅಜ್ಜಿ ಗಾಬರಿಯಾದರು. ಅವರಿಗೆ ಆನೆ ಅಂದರೆ ಗಣಪತಿ. ದೇವರಿಗೆ ಹೊಡೀತಾನೆ, ಕೇಡಾಗ್ತದೆ. ಹುಡುಗನೂ ಹಬ್ಬದಲ್ಲಿ ಶಾಲೆಯ ಗಣಪತಿ ಹತ್ತಿರ ಹೋಗಿರಲಿಲ್ಲ. ಪ್ರಸಾದ ಕೊಟ್ಟರೆ ಕೈ ಹಿಂದಕ್ಕೆಳೆದಿದ್ದ. ಒಂದು ದಿನ ಗೋಡೆಯ ಕ್ಯಾಲೆಂಡರ್ ತೋರಿಸಿ ಅಜ್ಜಿಯನ್ನೇ ಕೇಳಿದನಂತೆ: "ಗಣಪತೀನೂ ಆನೆ ಅಲ್ವಾ? ಅಪ್ಪನ್ನ ಯಾಕೆ ಸಾಯಿಸ್ದ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಕೊಡಬಾರದು ಕೂಡ. ಅದು ಆ ಮನೆಯ ನಂಬಿಕೆಯ ವಿಷಯ. ಅಜ್ಜಿ ಎರಡು ದಿನ ಯೋಚಿಸಿ ಹೇಳಿದರಂತೆ: "ಅದು ಗಣಪತಿ ಅಲ್ಲ ಕಂದ. ಅದು ಕಾಡಿನ ಪ್ರಾಣಿ. ನಂಗೂ ಅದರ ಮೇಲೆ ಸಿಟ್ಟಿದೆ." ಆ ಕೊನೆಯ ಮಾತು ಬಹಳ ಕೆಲಸ ಮಾಡಿತು. ಅಲ್ಲಿವರೆಗೆ ಆ ಮನೆಯಲ್ಲಿ ಸಿಟ್ಟು ಇವನೊಬ್ಬನದೇ ಆಗಿತ್ತು.

ದೀಪಾವಳಿ ಹೊತ್ತಿಗೆ ಆಟಕ್ಕೆ ಹೊಸ ಜನ ಬಂದರು. ಮರದ ಮೇಲೆ ಟಾರ್ಚ್ ಹಿಡಿದು ಕಾಯುವವನು. ಸೀಟಿ ಊದುವ ನಾಯಿ. ಬೆಂಕಿಕಡ್ಡಿಯ ಬೇಲಿ. ಒಂದು ದಿನ ಬೊಂಬೆ ಬೀಳಲಿಲ್ಲ, ಸೀಟಿ ಕೇಳಿ ಓಡಿಹೋಯಿತು. ಇನ್ನೊಂದು ದಿನ ಮತ್ತೆ ಬಿತ್ತು. ಆದರೆ ಈ ಸಲ ಮರಳು ಎಳೆದು ಸಮ ಮಾಡಲಿಲ್ಲ. ಗುಡ್ಡೆ ಮಾಡಿ ಮೇಲೆ ಎಲೆ ಇಟ್ಟ.

ಅಮ್ಮ ನೆಲದ ಮೇಲೆ ಕೂತದ್ದು

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಲ್ಲಿದೆ. ವಾರಕ್ಕೆ ಮುಕ್ಕಾಲು ಗಂಟೆ ನಾನಿದ್ದೆ. ಉಳಿದ ಹೊತ್ತೆಲ್ಲ ಅಮ್ಮ. ಅಮ್ಮನಿಗೇ ಈ ಕೆಲಸ ಕಲಿಸುವುದು ಸರಿಯಾದ ದಾರಿ. ಅಮೆರಿಕದ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ 1960ರ ದಶಕದಲ್ಲಿ ಈ ಕ್ರಮ ರೂಪಿಸಿದರು. ತಜ್ಞರ ಬದಲು ಹೆತ್ತವರೇ ವಾರಕ್ಕೆ ಅರ್ಧ ಗಂಟೆ ಮಗುವಿನ ಆಟಕ್ಕೆ ಕೂರುವುದು. 2005ರಲ್ಲಿ ಸ್ಯೂ ಬ್ರ್ಯಾಟನ್ ಮತ್ತು ಸಂಗಡಿಗರು ಆಟದ ಚಿಕಿತ್ಸೆಯ 93 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ತಜ್ಞರು ಮಾಡಿದ್ದಕ್ಕಿಂತ ತರಬೇತಿ ಪಡೆದ ಹೆತ್ತವರು ಮಾಡಿದ್ದರಲ್ಲಿ ಫಲ ಜಾಸ್ತಿ ಕಂಡಿತು.

ಆದರೆ ದಿನಗೂಲಿಯ ತಾಯಿಗೆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಸಂಜೆ ಬಂದರೆ ನೀರು, ಸೌದೆ, ಅಡುಗೆ. ರಜೆ ದಿನ ಮಧ್ಯಾಹ್ನ, ತಂಗಿ ಮಲಗಿರುವಾಗ, ಇಪ್ಪತ್ತು ನಿಮಿಷ ಅಂತ ಗೊತ್ತು ಮಾಡಿದೆವು. ಮೊಬೈಲು ಅಜ್ಜಿ ಹತ್ತಿರ. ಬುಟ್ಟಿಯಿಂದ ಕೆಲವು ಸಾಮಾನು ಮನೆಗೆ ಕೊಟ್ಟೆ. ಮರಳಿಗೆ ಹಳೆಯ ಅಗಲ ಬೋಗುಣಿ ಸಾಕಾಯಿತು.

ಅಮ್ಮನಿಗೆ ಕಷ್ಟವಾಗಿದ್ದು ಪ್ರಶ್ನೆ ಕೇಳದೇ ಇರುವುದು. "ಇದೇನು? ಹೀಗ್ಯಾಕೆ? ಹಂಗಲ್ಲ, ಹಿಂಗಿಡು" ಅಂತಲೇ ಮಾತು ಬರುತ್ತದೆ. ನಾವೆಲ್ಲ ಮಕ್ಕಳ ಜೊತೆ ಮಾತಾಡುವುದೇ ಹಾಗೆ. ಅದರ ಬದಲು "ನೀನು ಬೇಲಿ ಕಟ್ತಿದೀಯ", "ಗಟ್ಟಿ ಇರ್ಲಿ ಅಂತ ಎರಡು ಸಾಲು ಹಾಕ್ತಿದೀಯ" ಅಂತ ಹೇಳುವುದನ್ನು ಕಲಿತರು. ಮಿತಿ ಹಾಕುವುದಕ್ಕೂ ಒಂದು ಕ್ರಮ ಇದೆ, ಆಟದ ಚಿಕಿತ್ಸೆಯ ತಜ್ಞ ಗ್ಯಾರಿ ಲ್ಯಾಂಡ್ರೆತ್ ಹೇಳಿಕೊಟ್ಟದ್ದು. ಮೊದಲು ಭಾವನೆ, ಆಮೇಲೆ ಮಿತಿ, ಆಮೇಲೆ ಬೇರೆ ದಾರಿ. ತಂಗಿಗೆ ಕೈ ಎತ್ತಿದಾಗ ಅಮ್ಮ ಹೇಳಿದ್ದನ್ನು ನಾನೇ ಕೇಳಿದ್ದೇನೆ: "ನಿಂಗೆ ತುಂಬಾ ಸಿಟ್ಟು ಬಂದಿದೆ. ಪಾಪುಗೆ ಹೊಡೆಯೋ ಹಾಗಿಲ್ಲ. ಬೇಕಿದ್ರೆ ಆ ದಿಂಬಿಗೆ ಹೊಡಿ." ಎತ್ತಿದ ಕೈ ಕೆಳಗಿಳಿಯಿತು.

ಅಮ್ಮನ ಸ್ಥಿತಿಯೂ ಆಗ ಚೆನ್ನಾಗಿರಲಿಲ್ಲ. ನಿದ್ದೆ ಇಲ್ಲ, ಊಟ ಸೇರುತ್ತಿರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ, ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್‌ಗೆ ಕಳಿಸಿದೆ, ಚಿಕಿತ್ಸೆ ಶುರುವಾಯಿತು. ಪರಿಹಾರದ ಕಾಗದಪತ್ರಕ್ಕೆ ಓಡಾಡಲು ತೋಟದ ಲೆಕ್ಕಪತ್ರ ನೋಡುವ ರೈಟರ್ ನೆರವಾದರು. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4000 ರೂಪಾಯಿಯ ಪ್ರಾಯೋಜಕತ್ವಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಅರ್ಜಿ ಹಾಕಿದೆವು. ಇವೆಲ್ಲ ಆಟದ ಚಿಕಿತ್ಸೆಗೆ ಸೇರಿದ್ದಲ್ಲ ಅಂತ ಯಾರಾದರೂ ಅನ್ನಬಹುದು. ನಾನು ಒಪ್ಪುವುದಿಲ್ಲ. ನಾಳಿನ ಅಕ್ಕಿಯ ಚಿಂತೆಯಲ್ಲಿರುವ ತಾಯಿ ಇಪ್ಪತ್ತು ನಿಮಿಷ ಮರಳಿನ ಮುಂದೆ ಹೇಗೆ ಕೂರುತ್ತಾಳೆ?

ಭಯ ಎಷ್ಟಿರಬೇಕು

ಬಹಳ ಕಡೆ ಆಘಾತದ ಚಿಕಿತ್ಸೆಯಲ್ಲಿ ಮಗುವಿಗೆ ಹೇಳುವ ಮಾತು: ಅಪಾಯ ಮುಗಿದಿದೆ, ಈಗ ನೀನು ಕ್ಷೇಮ. ಸಿದ್ದಾಪುರದ ಲೈನ್ ಮನೆಯಲ್ಲಿ ಕೂತು ಹಾಗೆ ಹೇಳಿದರೆ ಅದು ಇನ್ನೊಂದು ಸುಳ್ಳು. ಆನೆ ನಾಳೆಯೂ ಬರುತ್ತದೆ. ಮಗುವಿಗೆ ಭಯ ಇರಲೇಬೇಕು, ಆದರೆ ದಾರಿಯ ಅಳತೆಗೆ ಇರಬೇಕು. ಮನೆಯೊಳಗೆ, ಹಾಸಿಗೆಯಲ್ಲಿ, ಕ್ಲಾಸಿನಲ್ಲಿ ಬೇಡ.

ಅದಕ್ಕೆ ಲೈನಿನ ಇತರ ಮಕ್ಕಳನ್ನೂ ಸೇರಿಸಿ ದೊಡ್ಡ ಕಾಗದದ ಮೇಲೆ ಶಾಲೆಯ ದಾರಿಯ ನಕ್ಷೆ ಬರೆಸಿದೆ. ಕೆರೆ ಎಲ್ಲಿ, ಹಲಸಿನ ಮರ ಎಲ್ಲಿ, ಬೇಲಿ ಎಲ್ಲಿ ಮುರಿದಿದೆ, ಓಡಿಹೋಗಲು ಹತ್ತಿರದ ಮನೆ ಯಾವುದು. ದೊಡ್ಡ ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಲದ್ದಿ ಬಿಸಿ ಇದ್ದರೆ ಆನೆ ಹತ್ತಿರದಲ್ಲೇ ಇದೆ ಅಂತ ಹೇಳಿಕೊಟ್ಟಿದ್ದು ಐದನೇ ಕ್ಲಾಸಿನ ಹುಡುಗಿ. ನಮ್ಮ ಹುಡುಗ ಅಪ್ಪ ಬಿದ್ದ ತಿರುವಿನಲ್ಲಿ ಒಂದು ಹೂ ಬರೆದ. ಯಾರೂ ಏನೂ ಕೇಳಲಿಲ್ಲ. ಆ ವಾರದಿಂದ ಮಕ್ಕಳು ಗುಂಪಾಗಿ, ದೊಡ್ಡವರೊಬ್ಬರ ಜೊತೆ, ಬೆಳಕು ಹರಿದ ಮೇಲೆ ಹೊರಡುವುದು ಅಂತಾಯಿತು. ಅರಣ್ಯ ಇಲಾಖೆಯವರ ಆನೆ ಓಡಾಟದ ಮೆಸೇಜ್ ನೋಡಿ ಹೇಳುವ ಕೆಲಸ ಲೈನಿನ ಒಬ್ಬರು ವಹಿಸಿಕೊಂಡರು.

ಜನವರಿಯಲ್ಲಿ ಕುಯ್ಲು ಜೋರಾದಾಗ ಆನೆಗಳು ಲೈನ್ ಹತ್ತಿರವೇ ಬಂದವು. ಎರಡು ರಾತ್ರಿ ಪಟಾಕಿ. ಹಾಸಿಗೆ ಮತ್ತೆ ಒದ್ದೆಯಾಯಿತು. ಕಲ್ಲು, ಕಡ್ಡಿ ಮತ್ತೆ ಹೊರಗೆ ಬಂದವು. ಅಮ್ಮ ಗಾಬರಿಯಿಂದ ಫೋನ್ ಮಾಡಿದರು. ಆದರೆ ಒಂದು ವ್ಯತ್ಯಾಸ ಅವರೇ ಹೇಳಿದರು: ಈ ಸಲ ಒಬ್ಬನೇ ಆಡುತ್ತಿಲ್ಲ. "ಅಮ್ಮ ನೀನು ಸೀಟಿ ಊದು, ನಾನು ಆನೆ ಓಡಿಸ್ತೀನಿ" ಅಂತ ಕರೆಯುತ್ತಿದ್ದಾನೆ. ಹತ್ತು ದಿನದಲ್ಲಿ ಹಾಸಿಗೆ ಒಣಗಿತು.

ಈಗ

ಕಾಫಿ ಹೂ ಬಿಡುವ ಹೊತ್ತಿಗೆ ವಾರದ ಭೇಟಿಯನ್ನು ತಿಂಗಳಿಗೊಮ್ಮೆಗೆ ಇಳಿಸಿದೆವು. ಎಸ್‌ಡಿಕ್ಯೂ ಮತ್ತೆ ಮಾಡಿದಾಗ ಭಾವನೆಯ ಭಾಗದಲ್ಲಿ ಅಂಕ ಸಾಮಾನ್ಯ ಮಟ್ಟಕ್ಕೆ ಇಳಿದಿತ್ತು. ಗೆಳೆಯರ ಭಾಗದಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಇದೆ. ಶಾಲೆಯಲ್ಲಿ ಗೋಲಿ, ಲಗೋರಿಗೆ ಸೇರುತ್ತಾನೆ, ಜಗಳವಾದರೆ ಬೇಗ ಮೂಲೆ ಹಿಡಿಯುತ್ತಾನೆ. ಟೀಚರ್ ಅವನನ್ನು ಅಲ್ಲಿಂದ ಎಳೆದು ತರುವುದಿಲ್ಲ. ಪಕ್ಕದಲ್ಲಿ ಹೋಗಿ ಕೂರುತ್ತಾರೆ. ಪಟಾಕಿಗೆ ಈಗಲೂ ಬೆಚ್ಚುತ್ತಾನೆ. ಅಪ್ಪನ ಟಾರ್ಚ್, ಟವೆಲ್, ಒಂದು ಫೋಟೋ ಇಟ್ಟ ಡಬ್ಬಿಯೊಂದು ಅವನ ವಶದಲ್ಲಿದೆ.

ಬಾಕಿ ಇರುವುದು ಎರಡು ವಿಷಯ. ಜೂನ್‌ನಲ್ಲಿ ವರ್ಷದ ಕಾರ್ಯ, ಅದೇ ಹಲಸಿನ ಕಾಲ. ಆ ವಾರ ಹಾಸಿಗೆ, ನಿದ್ದೆ, ಆಟ ಮೂರೂ ಕೆಡಬಹುದು ಅಂತ ಅಮ್ಮನಿಗೆ, ಟೀಚರ್‌ಗೆ ಮುಂಚೆಯೇ ಹೇಳಿಟ್ಟಿದ್ದೇನೆ. ರಾತ್ರಿ ಹೊತ್ತಲ್ಲಿ ಯಾರಾದರೂ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416 ಗೋಡೆಯ ಮೇಲೆ ಬರೆಸಿದ್ದೇನೆ. ಮಕ್ಕಳ ಸಹಾಯವಾಣಿ 1098 ಕೂಡ. ಇನ್ನೊಂದು ವಿಷಯ ತಂಗಿಯದು. ಅವಳಿಗೆ ನಾಲ್ಕು ತುಂಬುತ್ತಿದೆ. ಅಪ್ಪ ಯಾವಾಗ ಬರ್ತಾರೆ ಅಂತ ಅವಳು ಈಗ ಕೇಳಲು ಶುರುಮಾಡಿದ್ದಾಳೆ. ಅವಳಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಅಂತ ಮುಂದಿನ ಭೇಟಿಯಲ್ಲಿ ಅಮ್ಮ, ಅಜ್ಜಿ ಜೊತೆ ಕೂತು ಮಾತಾಡುವುದಿದೆ.